ಬ್ಯಾಂಕುಗಳಿಗೆ ಹಂಚಿದ ಸ್ಯಾಂಪಲ್

ನನ್ನ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ ಎಂದು ಮೊದಲು ಹೇಳಿದ್ದು ನನ್ನ ಹೆಂಡತಿ. ಷೋರೂಮಿನವರು ಕೊಟ್ಟ ಕಾಫಿ ಕುಡಿದು, ಅವರು ತೋರಿಸಿದ ಫೈನಾನ್ಸ್ ಕಂಪನಿಗೇ ಸಹಿ ಹಾಕಿ ಬಂದವನು ನಾನು. ಕಾಫಿ ಬೆಳೆಯುವವನನ್ನು ಒಂದು ಲೋಟ ಕಾಫಿಯಲ್ಲಿ ಬೀಳಿಸಿದರು ಎಂದು ಅವಳು ಬಂದವರ ಎದುರಿಗೂ ಹೇಳುತ್ತಿದ್ದಳು.

ಅವಳು ಮನೆಯಲ್ಲೇ ಕೇಕ್ ಮಾಡಿ ಸುತ್ತಲಿನ ಎಸ್ಟೇಟುಗಳಿಗೆ ಕೊಡುತ್ತಾಳೆ. ದೋಣಿಗಲ್ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಅಲ್ಲಿ ದೊಡ್ಡ ಓವನ್ ಇಟ್ಟು ಬೇಕರಿ ತೆರೆಯಬೇಕೆಂದು ಅವಳ ಆಸೆ. ಇಬ್ಬರ ಹೆಸರಲ್ಲಿ ಬ್ಯಾಂಕ್ ಸಾಲ ಕೇಳುವುದೆಂದು ತೀರ್ಮಾನವಾಗಿತ್ತು. ಅದಕ್ಕೂ ಮೊದಲು ಕಾರಿನ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಿ ತಿಂಗಳ ಕಂತು ಇಳಿಸಿಕೊಂಡರೆ ಬೇಕರಿ ಸಾಲ ಸಲೀಸಾಗಿ ಸಿಗುತ್ತದೆ ಎಂಬುದು ನನ್ನ ತಲೆಗೆ ಹೊಳೆದ ಉಪಾಯ.

"ಮಳಿಗೆಯೋರು ಈ ತಿಂಗ್ಳು ಮಾತ್ರ ಕಾಯ್ತಾರಂತೆ ಕಣ್ರೀ, ತಡ ಮಾಡ್ಬೇಡಿ" ಎಂದಳು.

ನಮ್ಮ ಕಡೆ ಕಾಫಿ ಮಾರುವುದಕ್ಕೆ ಒಂದು ಕ್ರಮವಿದೆ. ಒಣಗಿಸಿದ ಕಾಫಿಯ ಸ್ಯಾಂಪಲ್ಲನ್ನು ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಸಕಲೇಶಪುರದ ಒಬ್ಬೊಬ್ಬ ವ್ಯಾಪಾರಿಗೂ ತೋರಿಸಬೇಕು, ಒಬ್ಬನ ರೇಟನ್ನು ಇನ್ನೊಬ್ಬನ ಮುಂದೆ ಹೇಳಿ ಏರಿಸಬೇಕು. ಮೊದಲ ರೇಟಿಗೇ ಒಪ್ಪಿ ಬಂದವನನ್ನು ಊರು ಪೆದ್ದ ಎನ್ನುತ್ತದೆ. ಷೋರೂಮಿನಲ್ಲಿ ನಾನು ಆಗಲೇ ಒಮ್ಮೆ ಪೆದ್ದನಾಗಿದ್ದೆ.

ಪ್ಯಾನ್, ಆಧಾರ್ ಕಾರ್ಡುಗಳ ಜೆರಾಕ್ಸ್ ಕಟ್ಟು ಹಿಡಿದು ಸಕಲೇಶಪುರದ ಬ್ಯಾಂಕುಗಳನ್ನೆಲ್ಲ ಸುತ್ತಿದೆ. ಆಲೂರು, ಹಾಸನವನ್ನೂ ಬಿಡಲಿಲ್ಲ. "ಇಲ್ಲೊಂದು ಸೈನ್ ಮಾಡಿ ಸಾರ್, ನೋಡಿ ಹೇಳ್ತೀವಿ" ಎಂದಲ್ಲೆಲ್ಲ ಸಹಿ ಮಾಡಿದೆ, ಮೊಬೈಲಿಗೆ ಬಂದ ಓಟಿಪಿಯನ್ನೂ ಹೇಳಿದೆ. ಒಂದು ಬ್ಯಾಂಕಿನ ಬಡ್ಡಿ ದರವನ್ನು ಇನ್ನೊಂದು ಬ್ಯಾಂಕಿನಲ್ಲಿ ಗತ್ತಿನಿಂದ ಹೇಳಿದೆ. ಅವರು ಚೌಕಾಸಿಗೆ ಇಳಿಯದೆ ಸುಮ್ಮನೆ ನಕ್ಕರು. ನನ್ನ ವ್ಯಾಪಾರಕ್ಕೆ ಸೋತು ನಗುತ್ತಿದ್ದಾರೆ ಎಂದುಕೊಂಡೆ.

ಕೊನೆಗೆ ಎಲ್ಲರಿಗಿಂತ ಕಡಿಮೆ ದರ ಹೇಳಿದ್ದು ನಮ್ಮಿಬ್ಬರ ಖಾತೆ ಇರುವ ಬ್ಯಾಂಕೇ. ಎರಡೂ ಸಾಲ ಒಟ್ಟಿಗೆ ಮುಗಿಸಿಬಿಡೋಣ ಎಂದು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮ್ಯಾನೇಜರ್ ಮೇಡಂ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟೊಂದು ಕಡೆ ಯಾಕೆ ಅರ್ಜಿ ಹಾಕಿದ್ರಿ ಸಾರ್?"

"ಅರ್ಜಿ ಎಲ್ಲಿ ಹಾಕ್ದೆ ಮೇಡಂ? ಬರೀ ರೇಟ್ ಕೇಳ್ದೆ."

ಬಾಯಲ್ಲಿ ಕೇಳಿದರೆ ಏನೂ ಆಗುವುದಿಲ್ಲವಂತೆ. ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ನಮ್ಮ ಕ್ರೆಡಿಟ್ ಸ್ಕೋರನ್ನು ನಾವೇ ನೋಡಿಕೊಂಡರೂ ಏನೂ ಆಗುವುದಿಲ್ಲವಂತೆ. ಆದರೆ ಪ್ಯಾನ್ ಕೊಟ್ಟು ಸಹಿ ಹಾಕಿದರೆ ಅದು ಅರ್ಜಿ. ಆ ಬ್ಯಾಂಕು ನಮ್ಮ ಸಾಲದ ಚರಿತ್ರೆ ತೆಗೆದು ನೋಡುತ್ತದೆ, ನೋಡಿದ್ದರ ಗುರುತು ಅಲ್ಲೇ ಉಳಿಯುತ್ತದೆ. ಅಂಥ ಗುರುತುಗಳು ಒಟ್ಟಿಗೆ ಬಿದ್ದರೆ ಈ ಮನುಷ್ಯ ಸಾಲಕ್ಕಾಗಿ ಪರದಾಡುತ್ತಿದ್ದಾನೆ ಎಂದು ಅರ್ಥ. ಮೊದಲೇ ಅಂಚಿನಲ್ಲಿದ್ದ ನನ್ನ ಕ್ರೆಡಿಟ್ ಸ್ಕೋರ್ ಕೆಳಗೆ ಜಾರಿತ್ತು. ಕಡಿಮೆ ಬಡ್ಡಿಯ ಮಾತು ಈಗ ಬೇಡ, ನಿಮ್ಮ ಹೆಸರಿದ್ದರೆ ಬೇಕರಿ ಸಾಲವೂ ಕಷ್ಟ, ಕೆಲವು ತಿಂಗಳು ಸುಮ್ಮನಿರಿ ಎಂದರು. ನನಗೆ ಮೈ ಉರಿಯಿತು. ಒಂದು ಕಂತೂ ತಪ್ಪಿಸದವನಿಗೆ ಈ ಮರ್ಯಾದೆಯೇ ಎಂದು ವಾದಕ್ಕೆ ನಿಂತೆ.

ಹೆಂಡತಿ ಮೆಲ್ಲಗೆ ಕೇಳಿದಳು: "ಮೇಡಂ, ಬೇಕರಿ ಲೋನಿಂದ ಇವ್ರ ಹೆಸ್ರು ತೆಗುದ್ಬುಟ್ರೆ?"

ಮೇಡಂ ಅವಳ ಖಾತೆ ನೋಡಿದರು. ಕೇಕಿನ ದುಡ್ಡು ತಪ್ಪದೆ ಜಮಾ ಆಗಿತ್ತು, ಹಿಂದೆ ತೆಗೆದ ಒಡವೆ ಸಾಲ ಸರಿಯಾಗಿ ತೀರಿತ್ತು. "ನಿಮ್ಮೊಬ್ಬರ ಹೆಸರಲ್ಲೇ ಮಾಡಬಹುದು. ಸ್ವಲ್ಪ ಕಡಿಮೆ ಸಿಗುತ್ತೆ, ಅಷ್ಟೆ."

"ಆಗ್ಲಿ. ಚಿಕ್ಕ ಓವನ್ನೇ ತಗೋತೀನಿ."

ನನಗೆ ಅವಮಾನವಾಯಿತು. ಅವಳ ದೊಡ್ಡ ಓವನ್ ನನ್ನಿಂದಲೇ ಚಿಕ್ಕದಾಯಿತಲ್ಲ ಎಂಬ ಸಂಕಟ ಅದಕ್ಕಿಂತ ಹೆಚ್ಚಾಗಿತ್ತು. ಆದರೂ ಹೊರಗೆ ಬಂದ ಮೇಲೆ ಬಾಯಿ ಸುಮ್ಮನಿರಲಿಲ್ಲ.

"ಹೆಸ್ರು ತೆಗ್ಸೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬೋದಿತ್ತು" ಎಂದೆ.

ಅವಳು ಕಾರಿನ ಬಾಗಿಲು ತೆಗೆದು ಕೂತಳು. "ನಾನೂ ಕೇಳಿದ್ರೆ ನಿಮ್ ಸ್ಕೋರು ಇನ್ನೂ ಇಳ್ದ್‌ಬುಡ್ತಿತ್ತು ಕಣ್ರೀ."