ಕಾವಿನ ಕೋಳಿಗೆ ಬಿಟ್ಟುಕೊಟ್ಟ ಹೊಂಗೆ ಜಗಲಿ

ನಾಲೆ ಬಯಲಿನ ಬೇಸಿಗೆಯನ್ನು ಬಯ್ಯದವರು ಆ ಬಯಲಿನಲ್ಲಿ ಬಾಳಿದವರೇ ಅಲ್ಲ. ನಾನಂತೂ ಮದುವೆಯಾಗಿ ಮಂಡ್ಯದ ಹತ್ತಿರ ಕೊತ್ತತ್ತಿ ಕಡೆಯ ಆ ಊರಿಗೆ ಬಂದ ಮೊದಲ ವರ್ಷವೇ ಬಾಯಿತುಂಬ ಬಯ್ದೆ. ಮಳವಳ್ಳಿಯಾಚೆಯ ನನ್ನ ತವರು ಮಳೆ ನಂಬಿದ ಬರೀ ಬೆದ್ದಲು. ಅಲ್ಲಿಯ ಬಿಸಿಲೂ ಸುಡುತ್ತಿತ್ತು, ಆದರೆ ನೆರಳಿಗೆ ಬಂದು ಕೂತರೆ ಬೆವರು ಆರುತ್ತಿತ್ತು. ಇಲ್ಲಿ ಸುತ್ತ ಗದ್ದೆ, ಕಬ್ಬು, ನಾಲೆಯ ನೀರು. ನೆರಳಲ್ಲಿ ಕೂತರೂ ರವಿಕೆ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. "ಇದೇನು ಊರೋ, ಅನ್ನ ಬೇಯ್ಸೋ ಮಡಕೆನೋ" ಎಂದು ನಾನು ಗೊಣಗಿದ್ದು ಅತ್ತೆಯ ಕಿವಿಗೆ ಬಿತ್ತು.

"ಉಣ್ಣಕ್ಕೆ ಅನ್ನ ಬೇಕು, ಸೆಕೆ ಮಾತ್ರ ಬ್ಯಾಡ, ಅಲ್ವೇನಮ್ಮಿ?" ಅಂದರು.

ಅತ್ತೆಯ ಬಾಯಿ ಇಡೀ ಊರಿಗೆ ಗೊತ್ತಿತ್ತು. ನನಗೂ ಬಾಯಿ ಕಡಿಮೆಯಿರಲಿಲ್ಲ, ಆದರೆ ಹೊಸ ಸೊಸೆ. ಅರ್ಧ ನುಂಗಿ ಅರ್ಧ ಆಡುತ್ತಿದ್ದೆ. ನಮ್ಮ ಯಜಮಾನರು ಬೆಳಕು ಹರಿಯುತ್ತಲೇ ಗದ್ದೆಗೆ ಹೋಗಿಬಿಡುತ್ತಿದ್ದರು. ಯಾರ ಕಡೆಗೂ ಸೇರದ ಬುದ್ಧಿವಂತರು ಅವರು.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಜುಟ್ಟಿನ ಹೇಂಟೆ ಕೋಳಿ. ತವರು ಬಿಟ್ಟು ಹೊರಟ ದಿನ ಅವ್ವ ಅದರ ಕಾಲು ಕಟ್ಟಿ ನನ್ನ ಮಡಿಲಿಗೆ ಹಾಕಿ, "ಗುರುತಿಲ್ಲದ ಮನೆ ಕಣವ್ವ. ಮಾತಾಡಕ್ಕೆ ಒಂದು ಜೀವ ಇರ್ಲಿ" ಅಂದಿದ್ದಳು. ನೆತ್ತಿಯ ಮೇಲೆ ಗರಿ ಕೆದರಿಕೊಂಡ ಆ ತಳಿ ನಮ್ಮ ಊರಲ್ಲಿ ಅವ್ವನ ಹಿತ್ತಲು ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಅವಳಿಗೆ ಅದು ಅವಳ ಅವ್ವನಿಂದ ಬಂದದ್ದು. ನಾನು ನಿಜಕ್ಕೂ ಆ ಕೋಳಿಯ ಜೊತೆ ಮಾತಾಡುತ್ತಿದ್ದೆ. ಅತ್ತೆಯ ಮೇಲಿನ ಚಾಡಿಯನ್ನೆಲ್ಲ ಅದಕ್ಕೇ ಹೇಳುತ್ತಿದ್ದೆ.

ಅಲ್ಲಿ ನನ್ನ ಎರಡನೆಯ ಬೇಸಿಗೆ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಂಡ್ಯದ ಸಂತೆಗೆ ಬಂದಿದ್ದ ಅಪ್ಪ ನಮ್ಮ ಮನೆಗೂ ಬಂದು, ಮಜ್ಜಿಗೆ ಕುಡಿದು, ಹೊರಡುವ ಹೊತ್ತಿಗೆ ಸುದ್ದಿ ಹೇಳಿದ. ಊರಿಗೆ ಕೋಳಿರೋಗ ಬಂದು ಅವ್ವನ ಹಿತ್ತಲು ಬರಿದಾಗಿತ್ತು. "ಒಂದೂ ಉಳೀಲಿಲ್ಲ ಕಣವ್ವ. ನಿಮ್ಮವ್ವ ಎದ್ದೋಳೇ ಬರೀ ಗೂಡಿನ ಮುಂದೆ ಓಗಿ ಕೂತ್ಕತಾಳೆ" ಅಂದ. ಆ ತಳಿಯಲ್ಲಿ ಇನ್ನು ಉಳಿದದ್ದು ನನ್ನ ಹೇಂಟೆಯೊಂದೇ. ಪುಣ್ಯಕ್ಕೆ ಅದು ಮೊಟ್ಟೆಯಿಟ್ಟು ಮುಗಿಸಿ ಆಗಷ್ಟೇ ಕಾವಿಗೆ ಬಂದಿತ್ತು. ಹೇಗಾದರೂ ಮರಿ ಮಾಡಿಸಿ ಅವ್ವನಿಗೆ ಒಯ್ದು ಕೊಡಬೇಕು ಅಂತ ಹಟ ಹಿಡಿದೆ.

ಅತ್ತೆ ಬೇಡ ಅಂದರು. "ಈ ಉರಿ ಬ್ಯಾಸ್ಗೆಲಿ ಯಾರಾದ್ರೂ ಕಾವಿಗೆ ಕೂರಿಸ್ತಾರೇನೇ? ಮೊಟ್ಟೆನೂ ಓಯ್ತವೆ, ಕೋಳಿನೂ ಓಯ್ತದೆ. ಮಳೆ ಬೀಳ್ಲಿ, ತಡ್ಕೊ."

"ಮಳೆ ಬರೋವರ್ಗೂ ಕೋಳಿ ಕಾವು ಇರ್ತದಾ?" ಅಂದೆ. ಅವರು ಮೂತಿ ತಿರುವಿದರು.

ಹಿತ್ತಲ ಗೋಡೆಗೆ ಒತ್ತಿ ಕಟ್ಟಿದ್ದ ಮಣ್ಣಿನ ಗೂಡಿನಲ್ಲಿ ಮಂಕರಿ ಬುಟ್ಟಿಯಿಟ್ಟು, ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಸೇರಿಸಿ, ಕೋಳಿಯನ್ನು ಕೂರಿಸಿದೆ. ತಂಪಿಗೆ ಅವ್ವ ಮಾಡುತ್ತಿದ್ದುದನ್ನೇ ಮಾಡಿದೆ. ಗೋಣಿತಾಟು ನೆನೆಸಿ ಗೂಡಿನ ಬಾಯಿಗೆ ಇಳಿಬಿಟ್ಟೆ. ತವರಿನಲ್ಲಿ ಹಾಗೆ ಕಟ್ಟಿದರೆ ಒಳಗೆ ಕೈಯಿಟ್ಟಾಗ ಬಾವಿಕಟ್ಟೆಯಷ್ಟು ತಣ್ಣಗಿರುತ್ತಿತ್ತು. ಇಲ್ಲೂ ಬಿಸಿಲೇರಿದಂತೆ ಮತ್ತೆ ಮತ್ತೆ ನೀರು ಎರಚಿದೆ.

ಅದೇ ಹಿತ್ತಲಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಮಣ್ಣಿನ ಜಗಲಿ. ಗಾಳಿ ಅಂತ ಏನಾದರೂ ಬಂದರೆ ಅಲ್ಲಿಗೆ ಮಾತ್ರ. ಮಧ್ಯಾಹ್ನ ಉಂಡ ಮೇಲೆ ಅತ್ತೆ ಅಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಆ ಜಾಗಕ್ಕೆ ಹೆತ್ತ ಮಗನನ್ನೂ ಸೇರಿಸುತ್ತಿರಲಿಲ್ಲ. ಅಲ್ಲಿಂದಲೇ ನನ್ನ ನೀರೆರಚಾಟ ನೋಡಿ, "ಮಾಡು ಮಾಡು, ನಾನೇಳುದ್ರೆ ಕೇಳೋಳಾ ನೀನು" ಎಂದು ಮಗ್ಗುಲು ಬದಲಿಸುತ್ತಿದ್ದರು.

ಕಾವು ಅರ್ಧ ಕಳೆದಿರಬೇಕು. ಒಂದು ಮಧ್ಯಾಹ್ನ ಮೋಡ ಕವಿದು, ಒಂದೆಲೆಯೂ ಅಲುಗದೆ, ಉಸಿರು ಕಟ್ಟಿದಂಥ ಸೆಕೆ. ನೀರು ಎರಚಲು ಹೋದವಳು ಗೋಣಿ ಎತ್ತಿ ನೋಡಿದೆ. ಒಳಗಿನಿಂದ ಹಬೆ ಮುಖಕ್ಕೆ ಹೊಡೆಯಿತು. ಕೋಳಿ ಮಂಕರಿಯಿಂದ ಇಳಿದು, ರೆಕ್ಕೆ ಹರಡಿಕೊಂಡು, ಕೊಕ್ಕು ತೆರೆದು ಏದುತ್ತಿತ್ತು. ಜುಟ್ಟು ತೊಯ್ದು ಕಣ್ಣಿನ ಮೇಲೆ ಬಿದ್ದಿತ್ತು. ನೀರು ಸಾಲದಾಯಿತೆಂದು ಬಿಂದಿಗೆಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಎದ್ದು ಬಂದು ಗೋಣಿಯನ್ನು ಕಿತ್ತು ಆಚೆ ಎಸೆದಿದ್ದರು.

"ಅಯ್ಯೋ, ನಿನ್ ಮನೆ ಹಾಳಾಗ! ಬೇಯಿಸ್ತಾ ಇದ್ದೀಯಲ್ಲೇ ಅದ್ನ!"

ಅದು ತಮ್ಮದೇ ಮನೆ ಅನ್ನುವುದು ಆ ಸಿಟ್ಟಿನಲ್ಲಿ ಅವರಿಗೆ ನೆನಪಿರಲಿಲ್ಲ. "ನಮ್ಮವ್ವ ಹಿಂಗೇ ಮಾಡೋದು!" ಎಂದು ನಾನೂ ಅಳುತ್ತಲೇ ಕೂಗಿದೆ.

"ನಿಮ್ಮವ್ವ ಮಾಡೋದು ಸರಿಯಾಗೇ ಅದೆ. ನಿಮ್ಮೂರ ಗಾಳಿಗೆ ಅದೇ ಸರಿ. ನಾಲೆ ಬರೋಕೆ ಮುಂಚೆ ನಾನೂ ಗೋಣಿನೇ ಕಟ್ತಿದ್ದೆ. ನಾಲೆ ಬಂದಮೇಲೂ ಹಿಂಗೇ ಕಟ್ಟಿ, ಸಂಜೆ ತೆಗುದು ನೋಡುದ್ರೆ ಗೂಡಿನ ತುಂಬ ಕೋಳಿಗಳು ಸತ್ತು ಬಿದ್ದಿದ್ವು. ಇಲ್ಲಿ ನೀರಿಗೆ ಬರ ಇಲ್ಲ ಕಣಮ್ಮಿ, ಗಾಳಿಗೆ ಬರ."

ಅವ್ವನನ್ನು ಬಯ್ಯುತ್ತಾರೆ, ಬಯ್ದರೆ ಸುಮ್ಮನಿರುವುದಿಲ್ಲ ಅಂತ ಸೆರಗು ಬಿಗಿದು ನಿಂತಿದ್ದೆ. ಅವರು ಬಯ್ಯಲಿಲ್ಲ. ಕೋಳಿಯನ್ನೆತ್ತಿ ಕೊಕ್ಕಿಗೆ ನೀರು ಮುಟ್ಟಿಸಿ, ಅದರ ಕಾಲುಗಳನ್ನು ಬಿಂದಿಗೆಯ ನೀರಿನಿಂದ ತೊಯ್ಯಿಸಿದರು. ಆಮೇಲೆ ಜಗಲಿಯ ಮೇಲಿನ ತಮ್ಮ ಚಾಪೆಯನ್ನು ಸುತ್ತಿ ಬದಿಗಿಟ್ಟು, ಅಲ್ಲಿ ಎರಡು ಕಲ್ಲು ಹೂಡಿ, ಕೆಳಗಿನಿಂದಲೂ ಗಾಳಿಯಾಡುವಂತೆ ಮಂಕರಿಯನ್ನು ಅದರ ಮೇಲಿಟ್ಟು, ಕಾಗೆ ಬೆಕ್ಕು ಬಾರದಂತೆ ಬಿದಿರಿನ ಪಂಜರ ಕವುಚಿದರು. ಹೊಸ ಜಾಗ ಒಗ್ಗದೆ ಕೋಳಿ ಕಾವು ಬಿಟ್ಟರೆ ಎಲ್ಲ ಮುಗಿದಂತೆಯೇ. ಅದು ಪಂಜರದೊಳಗೆ ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಕೊನೆಗೆ ಕೊಕ್ಕಿನಿಂದ ಮೊಟ್ಟೆಗಳನ್ನು ಸರಿಸಿ ಕೂತಿತು.

"ನೀವೆಲ್ಲಿ ಮಲಗ್ತೀರ ಅತ್ತೆ?" ಅಂದೆ.

"ಒಳ್ಗೆ. ಕೋಳಿಗೆ ಬಾಯಿಲ್ಲ. ನಂಗೆ ಬಾಯದೆ, ಬಯ್ಕೊಂಡು ಬಿದ್ದಿರ್ತೀನಿ."

ಹಾಗೇ ಮಾಡಿದರು. ಮಧ್ಯಾಹ್ನವಾದರೆ ನಡುಮನೆಯಿಂದ ಬೀಸಣಿಗೆಯ ಪಟಪಟ ಸದ್ದು. ಅದರ ಜೊತೆಗೆ ಕೋಳಿಗೆ, ನನಗೆ, ಸೂರ್ಯನಿಗೆ, ಕೊನೆಗೆ ಬೀಸಣಿಗೆಗೂ ಬೈಗುಳ. ನಾನು ಮರದಡಿ ಕೂತು ಅಕ್ಕಿ ಆರಿಸುತ್ತ ಕಾಗೆ ಓಡಿಸುತ್ತಿದ್ದೆ. ಆ ಬೈಗುಳ ಕೇಳಿ ನಗು ಬರುತ್ತಿತ್ತು. ಆಗಿನಿಂದ ಕೋಳಿಗೆ ಚಾಡಿ ಹೇಳುವುದೂ ನಿಂತುಹೋಯಿತು.

ಎರಡು ಮೊಟ್ಟೆ ಕೆಟ್ಟವು, ಉಳಿದವೆಲ್ಲ ಒಡೆದವು. ಕೆಲವು ಮರಿಗಳ ನೆತ್ತಿಯ ಮೇಲೆ ಸಣ್ಣ ಉಬ್ಬಿತ್ತು, ಜುಟ್ಟು ಬರುವ ಗುರುತು. ಅತ್ತೆ ಹೆಬ್ಬೆರಳಿನಿಂದ ಮುಟ್ಟಿ ನೋಡಿ, "ಬಂತು ಕಣೇ, ನಿಮ್ಮವ್ವನ ಜುಟ್ಟು" ಅಂದರು. ನನಗೆ ಕಣ್ಣು ತುಂಬಿಬಂತು.

ಮರಿ ಕೊಂಚ ಬಲಿತ ಮೇಲೆ ಕುಕ್ಕೆಯಲ್ಲಿ ತುಂಬಿಕೊಂಡು ತವರಿಗೆ ಹೊರಟೆ. ಬಾಗಿಲಲ್ಲಿ ನಿಂತು ಅತ್ತೆ, "ತಾಯನ್ನ ಬುಟ್ಟು ಮರಿ ಇರಕ್ಕಿಲ್ಲ. ಕೋಳಿನೂ ಅಲ್ಲೇ ಬುಡು. ನೀನು ಮಾತ್ರ ಅಲ್ಲೇ ಕೂತ್ಬುಡ್ಬ್ಯಾಡ" ಅಂದರು. ಮದ್ದೂರಿನ ಮೇಲೆ ಹೋಗುವ ಬಸ್ಸು, ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದದ್ದು. ಏರು ಬಂದಲ್ಲೆಲ್ಲ ಕೆಮ್ಮಿಕೊಂಡು ನಿಲ್ಲುತ್ತಿತ್ತು. ದಾರಿಯುದ್ದಕ್ಕೂ ಕುಕ್ಕೆಯ ಮುಚ್ಚಳ ಸರಿಸಿ ಗಾಳಿ ಬಿಡುತ್ತಾ ಹೋದೆ.

ಅವ್ವ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ನಡೆದದ್ದನ್ನೆಲ್ಲ ನಾನು ಹೇಳಿದೆ. ಗೋಣಿಯ ವಿಷಯಕ್ಕೆ ಅವಳು ಸೊಪ್ಪು ಹಾಕಲಿಲ್ಲ. ಜಗಲಿಯ ಮಾತು ಬಂದಾಗ ಮಾತ್ರ ತಡೆದು, "ಅಷ್ಟು ದಿನಾನೂ ನಿಮ್ಮತ್ತೆ ಒಳ್ಗೇ ಮಲಿಕ್ಕಂಡ್ರಾ?" ಎಂದು ಕೇಳಿದಳು. ಹೂಂ ಅಂದೆ. ಅವಳು ಕೋಳಿಯ ಬೆನ್ನು ಸವರುತ್ತ, "ಇನ್ನು ಮಾತಾಡಕ್ಕೆ ನಿಂಗೆ ಈ ಕೋಳಿ ಬ್ಯಾಡ ಬುಡು" ಅಂದಳು.

ನಾನು ಊರಿಗೆ ಮರಳಿದ್ದು ಸುಡುಮಧ್ಯಾಹ್ನ. ಮಳೆ ಇನ್ನೂ ಹಿಡಿದಿರಲಿಲ್ಲ. ಖಾಲಿ ಕುಕ್ಕೆ ಇಡಲು ಹಿತ್ತಲಿಗೆ ಹೋದರೆ, ಜಗಲಿ ಸಾರಿಸಿತ್ತು, ಚಾಪೆ ಹಾಸಿತ್ತು, ಮೇಲೆ ಯಾರೂ ಇರಲಿಲ್ಲ. ಅತ್ತೆ ನಡುಮನೆಯಲ್ಲೇ ಬೀಸಿಕೊಳ್ಳುತ್ತ ಕೂತಿದ್ದರು.

"ಕೋಳಿ ಓಯ್ತಲ್ಲ ಅತ್ತೆ, ಇನ್ನೂ ಯಾಕೆ ಒಳ್ಗೇ ಇದ್ದೀರ?"

"ಬಿಸ್ಲಲ್ಲಿ ಬತ್ತೀಯ ಅಂತ ಹಾಸಿವ್ನಿ. ಓಗಿ ಮಲಿಕ್ಕೊ. ಕೋಳಿಗಿಂತ ಕಡೆಯಾ ನೀನು?"

ಹೋಗಿ ಮಲಗಿದೆ. ತುಸು ಹೊತ್ತಿಗೆ ನಾಲೆಯ ಕಡೆಯಿಂದ ಗಾಳಿ ಬಂತು. ಹೊಂಗೆಯ ಎಲೆಗಳು ಅಲುಗಿದವು, ಬೆನ್ನಿಗೆ ಅಂಟಿದ್ದ ರವಿಕೆ ಮೆಲ್ಲಗೆ ಬಿಟ್ಟುಕೊಂಡಿತು. ಅವರು ನನ್ನ ಕೋಳಿಗೆ ಬಿಟ್ಟುಕೊಟ್ಟದ್ದು ಎಂಥಾ ಗಾಳಿ ಅಂತ ನನಗೆ ಗೊತ್ತಾದದ್ದು ಆವತ್ತೇ. ಒಳಗೆ ಬೀಸಣಿಗೆ ಪಟಪಟ ಅನ್ನುತ್ತಲೇ ಇತ್ತು.