ನಿನ್ನ ಬೆರಳಿಗಂಟಿದ ಹಸಿರು

ಸುನಂದಾ, ಅವತ್ತು ಹೊಳೆಯ ದಂಡೆಯಲ್ಲಿ ನೀನು ನೋಡಿದ್ದು ನನ್ನನ್ನೇ. ನನ್ನ ಕೈಯಲ್ಲಿದ್ದದ್ದು ಗಾಳದ ಕೋಲೇ. ದಾರದ ತುದಿಯಲ್ಲಿ ಒದ್ದಾಡುತ್ತಿದ್ದದ್ದು ಮೀನೇ. ನೀನು ಕಂಡದ್ದನ್ನು ಹೇಳಿದೆ. ಸುಳ್ಳು ಹೇಳಿದವನು ನಾನು — ನಿಮ್ಮಕ್ಕನ ಗಂಡ, ನೀನು ಬಾಯಿತುಂಬ ‘ಮಾಮಾ’ ಎಂದು ಕರೆಯುತ್ತಿದ್ದವನು.

ಎದುರಿಗೆ ನಿಂತು ಹೇಳಹೋದರೆ ನಡುವೆ ಎಲ್ಲೋ ಒಂದು ನಗೆಮಾತು ಆಡಿ ಜಾರಿಕೊಂಡುಬಿಡುತ್ತೇನೆ. ಅದು ನನ್ನ ಹಳೆಯ ಚಾಳಿ, ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನೀರು ಸೋಸಿ ಕುಡಿಯುವ ಮನೆ, ಹೊತ್ತು ಮುಳುಗಿದ ಮೇಲೆ ತಾಟು ಮುಟ್ಟದ ಮನೆ. ಅಂಥ ಮನೆಯವನಿಗೆ ಮೀನು ಹಿಡಿಯುವ ರೀಲಿನ ಹುಚ್ಚು ಹತ್ತಿದ್ದು ಮಿರಜಿನ ಜುನಾ ಬಜಾರದಲ್ಲಿ. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿಗೆ ಏನೋ ಸಾಮಾನು ಹುಡುಕುತ್ತಿದ್ದೆ. ಗುಜರಿಯ ರಾಶಿಯಲ್ಲಿ, ಗಾಳದ ಕೋಲಿಗೆ ಸಿಗಿಸಿ ದಾರ ಸುತ್ತುವ, ಮುಷ್ಟಿಯಷ್ಟು ದೊಡ್ಡ ಒಂದು ಹಳೆಯ ರೀಲು ಸಿಕ್ಕಿತು. ಹಸಿರು ಬಣ್ಣ, ಹೆಬ್ಬೆರಳು ಒತ್ತುವ ಜಾಗದಲ್ಲಿ ಸವೆದು ಲೋಹ ಕಾಣುತ್ತಿತ್ತು. ಹಿಡಿಕೆ ತಿರುಗಿಸಿದೆ. ಟಿರ್ರ್ ಎಂದಿತು. ಆ ಸಪ್ಪಳಕ್ಕೆ ಮರುಳಾದೆ, ಅಷ್ಟೇ.

ಮನೆಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದೆ, ಗ್ರೀಸು ತುಂಬಿದೆ, ಸವೆದ ಕಡೆ ಬಣ್ಣ ತುಂಬಿದೆ. ಈ ಬಣ್ಣ ತುಂಬುವುದರಲ್ಲೇ ಇತ್ತು ನನ್ನ ಜಂಬವೆಲ್ಲ. ಡಬ್ಬಿಯ ಹಸಿರನ್ನು ಹಾಗೇ ಬಳಿದರೆ ತೇಪೆ ಎದ್ದು ಕಾಣುತ್ತದೆ. ಕಡ್ಡಿಯ ತುದಿಯಿಂದ ಒಂದು ಹನಿ ಕಪ್ಪು ಕೂಡಿಸಬೇಕು, ಸಣ್ಣ ಕುಂಚದಿಂದ ತೆಳ್ಳಗೆ ಎಳೆಯಬೇಕು, ಬಿಸಿಲಿಗಿಟ್ಟು ಮತ್ತೊಮ್ಮೆ ಎಳೆಯಬೇಕು. ಆಗ ಎಲ್ಲಿ ಸವೆದಿತ್ತು ಎಂದು ಕೈಯಾಡಿಸಿದರೂ ತಿಳಿಯುವುದಿಲ್ಲ. ಅಂಥವು ಮತ್ತೆ ಕೆಲವು ಬಂದವು. ಎಲ್ಲವೂ ಪಡಸಾಲೆಯ ಗಾಜಿನ ಕಪಾಟು ಸೇರಿದವು. ನಿಮ್ಮಕ್ಕ ಪದ್ಮಾ ತಾನೇ ಧೂಳು ಒರೆಸುತ್ತಿದ್ದಳು. ಬಂದವರಿಗೆ, “ನೋಡಾಕ ಅಷ್ಟ ಇಟ್ಟಾರ್ರಿ, ನಮ್ಮವ್ರಿಗೆ ಹಳೀ ಸಾಮಾನಂದ್ರ ಜೀವ” ಎಂದು ಹೇಳಿ ನಗುತ್ತಿದ್ದಳು.

ನೋಡುವುದಕ್ಕಷ್ಟೇ ಇಟ್ಟಿದ್ದರೆ ಈ ಮಾತೇ ಬೇಕಿರಲಿಲ್ಲ. ಆದರೆ ರಿಪೇರಿ ಮಾಡಿದ ಪಂಪನ್ನು ಒಮ್ಮೆ ಚಾಲೂ ಮಾಡಿ ನೋಡದೆ ಬಿಡುತ್ತಾರೆಯೇ? ಹೊಳೆಗೆ ಹೋಗಿ ದಾರದ ತುದಿಗೆ ಬರೀ ಒಂದು ನಟ್ಟು ಕಟ್ಟಿ ಎಸೆದೆ. ಗಾಳ ಇರಲಿಲ್ಲ, ದೇವರಾಣೆಗೂ. ಮುಂದಿನ ಸಲ, ಗಾಳ ಕಟ್ಟಿದರೆ ದಾರ ಹೇಗೆ ಓಡುತ್ತದೆ ನೋಡೋಣ ಎಂದೆ. ಅದರ ಮುಂದಿನ ಸಲ — ಮೀನು ತಾನಾಗಿಯೇ ಕಚ್ಚಿತು. ತಾನಾಗಿಯೇ! ಈ ಮಾತನ್ನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಿಡಿದದ್ದನ್ನೆಲ್ಲ ತಿರುಗಿ ನೀರಿಗೆ ಬಿಡುತ್ತೇನಲ್ಲ, ಇದರಲ್ಲಿ ಹಿಂಸೆ ಎಲ್ಲಿ ಬಂತು ಎಂದೂ ಹೇಳಿಕೊಂಡಿದ್ದೇನೆ. ಬಸದಿಯಲ್ಲಿ ಕೂತು ಪ್ರವಚನ ಕೇಳುವಾಗ ಎಲ್ಲರಿಗಿಂತ ಜೋರಾಗಿ ತಲೆದೂಗುತ್ತಿದ್ದವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇನ್ನೊಂದು ಮಾತು — ಇದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಹೊಳೆಗೆ ಯಾಕೆ ಹೋಗುತ್ತೀರಿ ಎಂದು ಪದ್ಮಾ ಕೇಳಿದಾಗ, “ಮೀನಿಗೆ ಕಣಕ ಹಾಕಿ ಬರತೀನಿ” ಎಂದಿದ್ದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತಿನಿಂದ ಗೋಧಿಹಿಟ್ಟಿಗೆ ತುಪ್ಪ ಸವರಿ ತಾನೇ ನಾದಿ, ಮೆತ್ತಗೆ ಉಂಡೆ ಕಟ್ಟಿ, ಡಬ್ಬಿಗೆ ಹಾಕಿ ಕೊಡತೊಡಗಿದಳು. ಪುಣ್ಯದಲ್ಲಿ ಅವಳಿಗೂ ಪಾಲು ಬೇಕಲ್ಲ. ಅರ್ಧ ಉಂಡೆಯನ್ನು ನಿಜವಾಗಿಯೂ ಮೀನಿಗೆ ಎಸೆಯುತ್ತಿದ್ದೆ. ಉಳಿದರ್ಧವನ್ನು ಗಾಳಕ್ಕೆ ಸಿಗಿಸುತ್ತಿದ್ದೆ. ಅವಳ ಕೈಯ ತುಪ್ಪದ ಕಣಕಕ್ಕೆ ಮೀನು ಬರದೇ ಇರುತ್ತವೆಯೇ?

ಉಗಾರ ಬುದ್ರುಕದಲ್ಲಿ ನಿಮ್ಮ ಮನೆ ಇದೆ ಎಂದು ಊರ ಘಾಟು ಬಿಟ್ಟು ಬಹಳ ಮೇಲೆ, ಕಬ್ಬಿನ ಹೊಲಗಳಾಚೆ ಕೂರುತ್ತಿದ್ದೆ. ನಿಮ್ಮ ಹೊಲವೂ ಆ ಕಡೆಗೇ ಇದೆ ಎಂಬುದು ನೆನಪಾಗಲಿಲ್ಲ. ನೀನು ಬದುವಿನ ಮೇಲೆ ಬುತ್ತಿ ಹೊತ್ತು ನಿಂತದ್ದನ್ನು ನೋಡಿಯೂ ನೋಡದವನಂತೆ ಮುಖ ತಿರುಗಿಸಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ಏನು ಫರಕು?

ನೀನು ಚಾಡಿ ಹೇಳಲಿಲ್ಲ. ಪಂಚಮಿಗೆ ಬೋರಗಾಂವದ ನಿಮ್ಮ ತವರಿನಲ್ಲಿ, ಅಕ್ಕ ತಂಗಿ ಜೋಕಾಲಿಯ ಮೇಲೆ ಎದುರುಬದುರು ನಿಂತು ಜೀಕುವಾಗ, ನಗುನಗುತ್ತ ಹೇಳಿದೆ: “ಅಕ್ಕಾ, ಮಾಮಾ ಮೀನ ಹಿಡ್ಯಾಕ ಹೊಳೀತನಕಾ ಬರತಾರ, ತಂಗಿ ಮನಿಗೆ ಉಣ್ಣಾಕ ಬರೂದಿಲ್ಲ ನೋಡ!”

ಜೋಕಾಲಿ ನಿಂತಿತು. ಸುತ್ತ ಚಿಗವ್ವ, ಅತ್ತಿಗೆಯರು, ಓಣಿಯ ಹೆಂಗಸರು. ಪದ್ಮಾ ಕೆಂಪಗಾದಳು. “ನನ್ನ ಗಂಡ ಮೀನಿಗೆ ಕಣಕ ಹಾಕಾಕ ಹೋಗತಾರ. ನಾನ ನಾದಿ ಕೊಡತೀನಿ. ನಾಳೆ ನಮ್ಮ ಮನಿಗೆ ಬಾ, ಕಪಾಟಿನ್ಯಾಗಿನ ರೀಲ ತೋರಸ್ತೀನಿ. ಒಂದ ಗೀರು ಇದ್ರ ಕೇಳ.” ನಾನು ಪಡಸಾಲೆಯಲ್ಲಿ ಹೋಳಿಗೆ ತಿನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ದ್ರಾಕ್ಷಿ ತೋಟದ ಕೆಲಸ ಎಂದು ನೆಪ ಹೇಳಿ ಅವತ್ತೇ ಊರಿಗೆ ಮರಳಿದೆ.

ಮರುದಿನ ಬೆಳಿಗ್ಗೆ ಕುಂಚ ಹಿಡಿದು ಕೂತೆ. ಹೊಳೆಗೆ ಒಯ್ಯುತ್ತಿದ್ದ ಆ ಹಸಿರು ರೀಲು ಹೆಬ್ಬೆರಳ ಜಾಗದಲ್ಲಿ ಹೊಸದಾಗಿ ಸವೆದಿತ್ತು, ಹಿಡಿಕೆಯ ಸುತ್ತ ಗೀರುಗಳಿದ್ದವು. ಎಲ್ಲವನ್ನೂ ಮುಚ್ಚಿದೆ. ಅಷ್ಟು ಚೆಂದದ ಕೆಲಸ ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಆದರೆ ಶ್ರಾವಣದ ಜಿಟಿಜಿಟಿ ಮಳೆ. ಬಿಸಿಲಿಲ್ಲ, ಬಣ್ಣ ಒಣಗಲಿಲ್ಲ.

ನೀವಿಬ್ಬರೂ ಬಂದಿರಿ. ಪದ್ಮಾ ಚಪ್ಪಲಿ ಬಿಟ್ಟವಳೇ ಕಪಾಟು ತೆಗೆದು ಆ ಹಸಿರು ರೀಲನ್ನು ಹಿಡಿಕೆಯಿಂದ ಎತ್ತಿ ನಿನ್ನ ಮುಂದೆ ಹಿಡಿದಳು. “ನೋಡ. ದಿನಾ ಹೊಳ್ಯಾಗ ಆಡಿಸಿದ್ದು ಹಿಂಗಿರತೈತೇನ?” ನೀನು ಕೈಗೆ ತೆಗೆದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದೆ: “ನೀವ ಹೇಳ್ರಿ ಮಾಮಾ. ನಾ ಸುಳ್ಳ ಹೇಳಾಕತ್ತೀನೇನು?”

ನಾನು ಹೇಳಿದೆ: “ನೀ ಬ್ಯಾರೆ ಯಾರನ್ನೋ ನೋಡಿರಬೇಕವಾ, ಸುನಂದಾ.”

ರೀಲನ್ನು ತಿರುಗಿ ಕೊಡುವಾಗ ನಿನ್ನ ಹೆಬ್ಬೆರಳಿಗೆ ಹಸಿರು ಅಂಟಿತ್ತು. ನೀನು ಬೆರಳನ್ನು ನೋಡಿಕೊಂಡೆ. ನನ್ನನ್ನು ನೋಡಿದೆ. ನಾನು ನೋಡಿದ್ದನ್ನೂ ನೋಡಿದೆ. ಆ ಬೆರಳನ್ನು ಅಕ್ಕನ ಮುಂದೆ ಎತ್ತಿ ತೋರಿಸಿದ್ದರೆ ಆಟ ಮುಗಿಯುತ್ತಿತ್ತು. ನೀನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡೆ — ಮೆಲ್ಲಗೆ, ಯಾರಿಗೂ ಕಾಣದ ಹಾಗೆ. “ಆಡಿದ ಮಾತ ತಿರುಗಿ ತಗೊಳ್ಳೂತನಕಾ ನನ್ನ ಹೊಸ್ತಲಾ ತುಳೀಬ್ಯಾಡ” ಎಂದಳು ಪದ್ಮಾ. ನೀನು ಮಾತನ್ನು ತಿರುಗಿ ತೆಗೆದುಕೊಳ್ಳಲೂ ಇಲ್ಲ, ನನ್ನನ್ನು ಹಿಡಿದುಕೊಡಲೂ ಇಲ್ಲ. ಚಹಾ ಕುಡಿಯದೆ ಮಳೆಯಲ್ಲಿ ಹೋದೆ.

ಅವತ್ತಿನಿಂದ ನಿಮ್ಮ ತವರಿನಲ್ಲಿ ಎರಡು ಪಂಚಮಿ. ಒಬ್ಬಳು ಬಸ್ಸು ಇಳಿದರೆ ಇನ್ನೊಬ್ಬಳು ಬಸ್ಸು ಹತ್ತಬೇಕು. ನಿಮ್ಮಣ್ಣ ಸ್ಟ್ಯಾಂಡಿಗೂ ಮನೆಗೂ ಅಡ್ಡಾಡಿಯೇ ಬಡವಾದ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ — ಹೌದು, ಚೇಷ್ಟೆ! ನಿಮ್ಮವ್ವ ಮಾತ್ರ ನಗುತ್ತಿರಲಿಲ್ಲ. “ಒಬ್ಬಾಕಿನ ನಿಂತ್ರ ಜೋಕಾಲಿ ಏರೂದಿಲ್ಲ” ಎನ್ನುತ್ತಿದ್ದರು.

ಅವತ್ತಿಗೇ ಗಾಳ ಬಿಟ್ಟೆ ಎಂದು ಬರೆದರೆ ಚೆಂದ ಕಾಣುತ್ತಿತ್ತು. ಬಿಡಲಿಲ್ಲ. ಮತ್ತೂ ಹೋದೆ, ಇನ್ನೂ ದೂರ ಹೋದೆ. ಒಂದು ಸಲ ಮಹಾಪೂರ ಬಂದು, ದಂಡೆಯ ಪಂಪುಮನೆಯಲ್ಲಿ ಬಚ್ಚಿಟ್ಟಿದ್ದ ಕೋಲು ತೇಲಿಹೋಯಿತು. ಆಗ ಬಿಟ್ಟಿತು. ಅದು ನಾನು ಬಿಟ್ಟದ್ದೆಂದು ಹೇಗೆ ಹೇಳಲಿ?

ಈ ಸಲದ ಪಂಚಮಿಗೆ ತವರಿಗೆ ಹೋಗಿ ಬಂದ ಪದ್ಮಾ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. ಹಸಿರು ಬಣ್ಣ. “ನಿಮ್ಮದು ಖಾಲಿ ಆಗಿತ್ತಲ್ರಿ. ನಿಪ್ಪಾಣ್ಯಾಗ ಇಳದು ತಂದೀನಿ. ಬಣ್ಣ ಹೊಂದಬೇಕಂತ ರೀಲಿನ ಮುಚ್ಚಳಾ ತಗದು ಪರ್ಸಿನ್ಯಾಗ ಇಟಗೊಂಡ ಹೋಗಿದ್ನಿ.” ತಂಗಿಯನ್ನು ಕಳೆದುಕೊಂಡದ್ದು ಯಾವ ಬಣ್ಣದಿಂದಲೋ ಅದನ್ನೇ ಅಂಗಡಿಯಿಂದ ಅಂಗಡಿಗೆ ಅಲೆದು ಹೊಂದಿಸಿ ತಂದಿದ್ದಳು, ನನಗೆ ಖುಷಿಯಾಗಲಿ ಎಂದು. ಡಬ್ಬಿಯ ಮುಚ್ಚಳ ತೆಗೆಯಲು ನನ್ನಿಂದ ಆಗಲಿಲ್ಲ.

ಆದರೂ ದಶಲಕ್ಷಣ ಪರ್ವ ಮುಗಿಯುವ ತನಕ ಬಾಯಿ ಕಟ್ಟಿತ್ತು. ಪ್ರತಿ ವರ್ಷ ಕ್ಷಮಾವಣಿಯ ದಿನ ಮನೆಮಂದಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ್ದನ್ನು ಮನ್ನಿಸಿ ಎನ್ನುತ್ತೇನೆ. ಆ ‘ತಿಳಿಯದೆಯೋ’ ಎಂಬುದರ ಹಿಂದೆ ಎಷ್ಟು ವರ್ಷ ಅಡಗಿ ಕೂತಿದ್ದೆ! ನಾಳೆ ಮತ್ತೆ ಕ್ಷಮಾವಣಿ. ಅದಕ್ಕೇ ಇವತ್ತು ಬೆಳಿಗ್ಗೆ ಬ್ಲೇಡು ಹಿಡಿದು ಆ ರೀಲಿನ ಬಣ್ಣವನ್ನೆಲ್ಲ ಕೆರೆದೆ. ಗೀರುಗಳೆಲ್ಲ ಎದ್ದು ಬಂದವು. ಪದ್ಮಾಳ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ.

ಅವಳು ಒಂದೊಂದೇ ಗೀರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: “ಒಂದಾದ್ರೂ ಮೀನ ಸತ್ತೈತೇನ್ರಿ?”

ಇಲ್ಲ ಎನ್ನಬಹುದಿತ್ತು. “ಸತ್ತೈತಿ” ಎಂದೆ. ಗಾಳ ನುಂಗಿದ್ದ ಒಂದು ಮೀನು, ನೀರಿಗೆ ಬಿಟ್ಟರೂ ಮಗ್ಗಲಾಗಿಯೇ ತೇಲಿತು. ಅದನ್ನೂ ಹೇಳಿದೆ, ಕಣಕದ ಮಾತನ್ನೂ ಹೇಳಿದೆ. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಕಡೆಗೆ ನಿನ್ನ ಬೆರಳಿನ ಮಾತು ಹೇಳಿದೆ.

“ಬೆರಳಿಗೆ ಬಣ್ಣ ಹತ್ತಿತ್ತು?” ಎಂದಳು. “ಅಕಿ ನೋಡಿದ್ಲು? ಮತ್ತ ನನಗ ತೋರಸ್ಲಿಲ್ಲಾ?”

ಆಗ ಅತ್ತಳು, ಸುನಂದಾ. ನನ್ನ ಸಂಸಾರದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮುಟ್ಟಲು ಹೋದೆ, ಕೈ ಸರಿಸಿದಳು. ಅದು ಸರಿಯೇ. ಈಗ ಅಡಿಗೆಮನೆಯಲ್ಲಿ ನಿನಗೆಂದು ಏನೋ ಕರಿಯುತ್ತಿದ್ದಾಳೆ. ನನ್ನೊಡನೆ ಮಾತಿಲ್ಲ.

ಈ ಕಾಗದವನ್ನು ಇವತ್ತು ಸಂಜೆಯ ಬಸ್ಸಿಗೆ ನಿಮ್ಮೂರಿಗೆ ಹೊರಟವರ ಕೈಯಲ್ಲಿ ಕಳಿಸುತ್ತೇನೆ; ನಾಳೆ ಬೆಳಗಿನ ಬಸ್ಸಿಗೆ ನಾವು ಬರುತ್ತೇವೆ. ಕೆರೆದ ರೀಲನ್ನು ತರುತ್ತೇನೆ, ನಿನ್ನ ಮನೆಯವರ ಮುಂದೆ ನನ್ನ ಬಾಯಿಂದಲೇ ಹೇಳುತ್ತೇನೆ. ಬೋರಗಾಂವಕ್ಕೂ ಹೋಗಿ ನಿಮ್ಮವ್ವನ ಮುಂದೆ ಹೇಳುತ್ತೇನೆ. ನನ್ನನ್ನು ನೀನು ಮನ್ನಿಸಬೇಕೆಂದೇನೂ ಇಲ್ಲ, ಒಳಗೆ ಕರೆಯಬೇಕೆಂದೂ ಇಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಬಾಗಿಲು ತಟ್ಟುವವಳು ನಿಮ್ಮಕ್ಕ. ಬೇಗ ತೆಗಿ.