ಹೆಡ್‌ಲೈಟಿನ ಮಬ್ಬು

ವಾರಿಜಾ, ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ನಮ್ಮ ಗಾಡಿಯ ಹೆಡ್‌ಲೈಟು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿನ್ನ ಕಣ್ಣಿನ ಮೇಲೆ ಹಾಕಿದೆ. ಆಮೇಲೊಮ್ಮೆ ಲೈಟನ್ನು ಸರಿ ಮಾಡಿ, ನನ್ನ ಕೈಯಾರೆ ಪುನಃ ಕೆಡಿಸಿದೆ.

ಇದನ್ನು ಬಾಯಲ್ಲೇ ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಬಾಯಿ ತೆರೆದರೆ "ಚಾ ಆಯ್ತಾ?" ಎಂಬುದೇ ಬರುತ್ತಿತ್ತು. ಕಡಬ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು ನಾನು, ಇಷ್ಟು ಉದ್ದ ಯಾವತ್ತೂ ಬರೆದವನಲ್ಲ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಎಲ್ಲಿ ಜಾರಿದೆ ಎಂದು ನನಗೇ ಒಮ್ಮೆ ಸರಿಯಾಗಿ ಕಾಣಬೇಕು.

ಇದೆಲ್ಲ ಶುರುವಾದ ವರ್ಷ, ಆಟಿ ತಿಂಗಳ ಜಡಿಮಳೆ ಸ್ವಲ್ಪ ಬಿಟ್ಟ ಒಂದು ಆದಿತ್ಯವಾರ ನಾನು ಅಂಗಳದಲ್ಲಿ ಕೂತು ಹೆಡ್‌ಲೈಟು ಉಜ್ಜಿದ್ದು ನಿನಗೆ ನೆನಪಿರಬಹುದು. ಹಳೆಯ ಕಾರು, ಲೈಟಿನ ಪ್ಲಾಸ್ಟಿಕ್ಕು ಹಳದಿಯಾಗಿ, ಹಾಲು ಬಿದ್ದು ಒಣಗಿದ ಹಾಗೆ ಕಾಣುತ್ತಿತ್ತು. ಪೈಂಟ್ ಆಗಲಿ ಪಾಲಿಶ್ ಆಗಲಿ, ನಾನು ಮಾರುವ ಸಾಮಾನೇ ಅಲ್ಲವೇ. ಮೊದಲು ದೊರಗು ವಾಟರ್ ಪೇಪರಿನಲ್ಲಿ, ಆ ಮರಳು ಕಾಗದದಲ್ಲಿ, ನೀರು ಹಾಕಿ ಉಜ್ಜಿದೆ, ಆಮೇಲೆ ನಯದ್ದರಲ್ಲಿ, ಅದಕ್ಕಿಂತ ನಯದ್ದರಲ್ಲಿ, ಕೊನೆಗೆ ಪಾಲಿಶಿನ ಕಾಂಪೌಂಡ್ ಹಚ್ಚಿ ಹಳೆಯ ಬನಿಯನ್ ತುಂಡಿನಲ್ಲಿ ತಿಕ್ಕಿದೆ. ಲೈಟು ಹೊಸತರ ಹಾಗೆ ಬಂತು. ನೀನು ಸೆರಗಿಗೆ ಕೈ ಒರೆಸುತ್ತಾ ಬಂದು, "ನೀವು ಅಂಗಡಿಯಲ್ಲಿ ಕೂತು ಹಾಳಾದ್ರಿ ಮಾರಾಯ್ರೆ, ಗ್ಯಾರೇಜ್ ಇಡ್ಬೇಕಿತ್ತು" ಎಂದೆ. ನನಗೆ ಖುಷಿಯಾಯಿತು.

ಆದರೆ ಕೆಲಸ ಪೂರ್ತಿಯಾಗಿರಲಿಲ್ಲ. ಹಾಗೆ ಉಜ್ಜಿದ ಮೇಲೆ ಮೇಲಿಂದ ಕ್ಲಿಯರ್ ಕೋಟ್, ಬಣ್ಣವಿಲ್ಲದ ವಾರ್ನಿಶ್, ಹೊಡೆಯಬೇಕು. ಇಲ್ಲದಿದ್ದರೆ ಕೆಲವೇ ತಿಂಗಳ ಬಿಸಿಲಿಗೆ ಮೊದಲಿಗಿಂತ ಹೆಚ್ಚು ಮಬ್ಬಾಗುತ್ತದೆ. ಅಂಗಡಿಗೆ ಬಂದವರಿಗೆಲ್ಲ ನಾನೇ ಹೇಳುವ ಮಾತು ಅದು. ಆದರೆ ಆಟಿಯ ತಂಡಿಯಲ್ಲಿ ಕೋಟ್ ಹೊಡೆದರೆ ಒಣಗುವ ಮೊದಲೇ ಬೆಳ್ಳಗೆ ಕಟ್ಟುತ್ತದೆ. ಬಿಸಿಲು ಬರಲಿ ಎಂದು ಡಬ್ಬವನ್ನು ಅಟ್ಟದಲ್ಲಿಟ್ಟೆ. ನಮ್ಮೂರಲ್ಲಿ ಯಾರ ಮನೆಯ ಯಾವ ಕೆಲಸವನ್ನೂ ಹಾಗೆಯೇ ಮುಂದೆ ಹಾಕುವುದಲ್ಲವೇ — ಮಳೆ ಬಿಡಲಿ, ಆಮೇಲೆ ನೋಡುವ. ಮಳೆ ಬಿಟ್ಟಿತು. ನಾನು ಮರೆತೆ. ಅಲ್ಲಿಯವರೆಗೆ ಇದು ಬರೀ ಮರೆವು, ಪಾಪವಲ್ಲ.

ಆಗ ನೀನು ಪ್ರತಿ ಶನಿವಾರ ಸಂಜೆ ಪೆರಾಬೆಯ ನಮ್ಮ ಮನೆಯಿಂದ ಪುತ್ತೂರಿಗೆ ನೀನೇ ಗಾಡಿ ಬಿಟ್ಟುಕೊಂಡು ಹೋಗುತ್ತಿದ್ದೆ. ಸುಮತಿ ಟೀಚರ ಮನೆಯಲ್ಲಿ ಹೆಂಗಸರ ತಾಳಮದ್ದಳೆಯ ಅಭ್ಯಾಸ. ಯಕ್ಷಗಾನದ ವೇಷ ಕಟ್ಟದೆ, ಕುಳಿತಲ್ಲೇ, ಭಾಗವತರ ಪದಕ್ಕೆ ಅರ್ಥ ಹೇಳುವುದು. ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದರೂ ಎದುರು ಮಾತಾಡದ ನೀನು ಅಲ್ಲಿ ರಾಜನಾಗಿ ಕೂತು ಎದುರಿನವರ ಮಾತನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದೆ. ಒಂದು ಕಾರ್ಯಕ್ರಮಕ್ಕೆ ನಾನೂ ಬಂದಿದ್ದೆ. ಮುಗಿದ ಮೇಲೆ ಗುರುತಿಲ್ಲದ ಒಬ್ಬರು ನನ್ನ ಕೈ ಹಿಡಿದು, "ವಾರಿಜಕ್ಕನ ಯಜಮಾನ್ರಾ ನೀವು? ಮನೆಯಲ್ಲಿ ನಿಮಗೆ ಮಾತಾಡ್ಲಿಕ್ಕೆ ಜಾಗ ಉಂಟಾ?" ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತನ್ನು ಮನೆಯವರೆಗೂ ಹೊತ್ತು ತಂದೆ. ಶನಿವಾರ ಅಂಗಡಿ ಮುಚ್ಚಿ ಬಂದರೆ ಮನೆ ಬೀಗ ಹಾಕಿರುತ್ತಿತ್ತು. ಮುಚ್ಚಿಟ್ಟ ಅನ್ನ, ತಣ್ಣಗಾದ ಸಾರು, ಒಬ್ಬನೇ — ಹೊಟ್ಟೆಕಿಚ್ಚು, ವಾರಿಜಾ. ಬೇರೆ ಚಂದದ ಹೆಸರು ಹುಡುಕುವುದಿಲ್ಲ.

ದೀಪಾವಳಿ ಕಳೆದ ಮೇಲೆ, ಬೇಗ ಕತ್ತಲಾಗುವ ದಿನಗಳು. ಒಂದು ಶನಿವಾರ ರಾತ್ರಿ ನೀನು ಬಂದು ಕೀಯನ್ನು ಮೊಳೆಗೆ ಸಿಕ್ಕಿಸಿ, ಸೋತವಳ ಹಾಗೆ ಜಗಲಿಯಲ್ಲಿ ಕೂತೆ. "ಎದುರಿಂದ ಗಾಡಿ ಬಂದ್ರೆ ರೋಡಿನ ಅಂಚೇ ಕಾಣುದಿಲ್ಲ ಮಾರಾಯ್ರೆ. ಲೈಟಿನ ಗ್ಲಾಸ್ ಪುನಃ ಹಳದಿ ಆಗಿದೆ ಅಲ್ವಾ? ಅದಕ್ಕೆಯಾ ಎಂತ?"

ಅದಕ್ಕೆಯೇ. ನೀನೇ ಕಂಡುಹಿಡಿದಿದ್ದೆ. ನಾನು "ಹೌದು" ಎಂದಿದ್ದರೆ ಮುಗಿದಿತ್ತು. ಮರುದಿನವೇ ಉಜ್ಜಿ ಕೋಟ್ ಹೊಡೆಯಬಹುದಿತ್ತು, ಡಬ್ಬ ಅಟ್ಟದಲ್ಲೇ ಇತ್ತು. ನಾನು ಹೇಳಿದ್ದು ಇಷ್ಟು: "ಅದು ಹೊರಗಿನ ಬಣ್ಣ ಮಾತ್ರ, ಬೆಳಕಿಗೆ ಅದ್ರಿಂದ ಎಂತ ಆಗುದಿಲ್ಲ. ಲೈಟ್ ಸರಿ ಉಂಟು. ನೀನೊಮ್ಮೆ ಕಣ್ಣು ತೋರಿಸು."

ಯಾಕೆ ಹಾಗೆಂದೆ — ಆ ಕ್ಷಣಕ್ಕೆ ನನಗೇ ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಗೊತ್ತಿತ್ತು. ಶನಿವಾರ ನೀನು ಮನೆಯಲ್ಲಿರಬೇಕಿತ್ತು, ಅಷ್ಟೆ. ನೀನು ನಂಬಿದೆ. ಹಾರ್ಡ್‌ವೇರಿನವನ ಮಾತು, ಅದೂ ಗಂಡನ ಮಾತು.

ಪುತ್ತೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಇದ್ದೆ. ದೂರದ್ದೆಲ್ಲ ಸರಿ ಕಾಣುತ್ತದೆ, ಓದಲಿಕ್ಕೆ ಮಾತ್ರ ಕನ್ನಡಕ ಸಾಕು ಎಂದರು. ನೀನು ಬಿಡಲಿಲ್ಲ. "ಆದ್ರೆ ಕತ್ತಲಾದ್ರೆ ಗಾಡಿ ಬಿಡ್ಲಿಕ್ಕೆ ಆಗುದಿಲ್ಲ ಡಾಕ್ಟ್ರೆ, ರೋಡೇ ಕಾಣುದಿಲ್ಲ." ಅವರು ಸ್ವಲ್ಪ ಯೋಚಿಸಿ, ಕಣ್ಣು ಒಣಗುವುದರಿಂದಲೂ ಇರಬಹುದು ಎಂದು ಡ್ರಾಪ್ಸ್ ಬರೆದರು. ಗಾಡಿಯ ಲೈಟು ಹೇಗಿದೆ ಎಂದು ಅವರು ಕೇಳಲಿಲ್ಲ. ಕೇಳಬೇಕಾದವರು ಅವರಲ್ಲ, ಹೇಳಬೇಕಾದವನು ಅಲ್ಲೇ ಕೂತಿದ್ದ.

ಡ್ರಾಪ್ಸ್ ಹಾಕಿಕೊಂಡು ನೀನು ಕೆಲವು ವಾರ ನೋಡಿದೆ. ಆಮೇಲೊಂದು ದಿನ ಟೀಚರಿಗೆ ಫೋನ್ ಮಾಡಿ, "ಇನ್ನು ನನ್ನನ್ನು ಲೆಕ್ಕಕ್ಕೆ ಹಿಡೀಬೇಡಿ ಟೀಚರೇ" ಎಂದೆ. ಧ್ವನಿ ಗಟ್ಟಿಯಾಗಿಯೇ ಇತ್ತು. ಫೋನಿಟ್ಟು ನೀನು ಅಕ್ಕಿ ತೊಳೆಯಲು ಹೋದೆ. ಆ ಶನಿವಾರ ನಾವು ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಗಂಜಿ, ಚಟ್ನಿ, ಹುರಿದ ಹಪ್ಪಳ. ನನಗೆ ರುಚಿಯಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ರುಚಿ ಹೆಚ್ಚು ದಿನ ನಿಲ್ಲಲಿಲ್ಲ. ನೀನು ಮಾತು ಕಡಿಮೆ ಮಾಡಿದೆ. ಮೊದಲು ಅಡುಗೆ ಮಾಡುತ್ತಾ ಪಾತ್ರದ ಮಾತನ್ನು ನಿನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದೆ — ಅದು ನಿಂತಿತು. ಕುಕ್ಕರಿನ ಶಬ್ದ ಮಾತ್ರ ಕೇಳುವ ಮನೆಯಾಯಿತು. ನೀನು ಬಸ್ಸಿನಲ್ಲಿ ಕೊಲ್ಲಮೊಗ್ರಿನ ತವರಿಗೆ ಹೋದಾಗ ನಾನು ಅಟ್ಟದ ಡಬ್ಬ ಇಳಿಸಿದೆ. ಬಿಸಿಲಿತ್ತು. ಉಜ್ಜಿದೆ, ತೊಳೆದೆ, ಒಣಗಿಸಿದೆ, ಕೋಟ್ ಹೊಡೆದೆ. ಸಂಜೆ ಮಬ್ಬುಗತ್ತಲಲ್ಲಿ ಲೈಟು ಹಾಕಿದರೆ ಎದುರಿನ ಮುರಕಲ್ಲಿನ ಗೋಡೆಯಲ್ಲಿ ಒಂದೊಂದು ಕಲ್ಲೂ ಬೇರೆ ಬೇರೆಯಾಗಿ ಕಂಡಿತು.

ಆಗ ಹೆದರಿಕೆ ಶುರುವಾಯಿತು. ನಾಳೆ ನೀನು ಬಂದು ಗಾಡಿಯಲ್ಲಿ ಕೂರುತ್ತೀ, ನೋಡುತ್ತೀ, ಕೇಳುತ್ತೀ — ಇಷ್ಟು ಸುಲಭದ್ದನ್ನು ಅವತ್ತೇ ಯಾಕೆ ಮಾಡಲಿಲ್ಲ? ಡಾಕ್ಟರ ಹತ್ತಿರ ಯಾಕೆ ಕೂರಿಸಿದಿರಿ? ಬೆಳಿಗ್ಗೆ ಎದ್ದವನೇ ದೊರಗು ಪೇಪರ್ ತೆಗೆದುಕೊಂಡು ಹೋಗಿ, ಹೊಡೆದ ಕೋಟನ್ನು ಉಜ್ಜಿ ತೆಗೆದೆ. ಲೈಟು ಬೂದಿ ಬಣ್ಣಕ್ಕೆ ತಿರುಗಿತು. ಕೈ ನಡುಗಿತು ಎಂದು ಬರೆದರೆ ಅದೊಂದು ಹೊಸ ಸುಳ್ಳು. ನಡುಗಲಿಲ್ಲ. ಒಳ್ಳೆಯ ಕೆಲಸ ಮಾಡುವಾಗಿನಷ್ಟೇ ನೀಟಾಗಿ ಉಜ್ಜಿದ್ದೆ.

ಅಲ್ಲಿಂದ ನಾನೇ ಸಿಕ್ಕಿಬಿದ್ದೆ. ನೀನು ಹಗಲಲ್ಲಿ ಕೂಡ ಸ್ಟಿಯರಿಂಗ್ ಮುಟ್ಟದೆ ಹೋದೆ. ಎಲ್ಲಿಗೆ ಹೋಗಬೇಕಿದ್ದರೂ ನಾನೇ. ಮಬ್ಬು ಲೈಟಿನಲ್ಲಿ ನನಗೂ ರೋಡು ಕಾಣುವುದಿಲ್ಲ — ಆದರೆ ಕಾಣುತ್ತದೆ ಎಂದು ನಟಿಸಬೇಕು. ಕಣ್ಣು ಕಿರಿದು ಮಾಡಿದರೆ ನಿನಗೆ ತಿಳಿದೀತು. ನಿಧಾನ ಹೋದರೆ ಸಂಶಯ ಬಂದೀತು. ಜೀವ ಕೈಯಲ್ಲಿ ಹಿಡಿದು, ಗೊತ್ತಿರುವ ತಿರುವುಗಳನ್ನು ಲೆಕ್ಕ ಹಾಕಿಕೊಂಡು ಬಿಡುತ್ತಿದ್ದೆ. ಪಕ್ಕದಲ್ಲಿ ನೀನು, ನನ್ನನ್ನು ನಂಬಿ ತೂಕಡಿಸುತ್ತಾ.

ಒಮ್ಮೆ ನಿನ್ನ ತವರಿಂದ ಬರುವಾಗ, ಸುಬ್ರಹ್ಮಣ್ಯ ದಾಟಿದ ಮೇಲೆ, ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕ ಒಮ್ಮೆಲೇ ಎದುರು ಬಂದ. ಬಂದದ್ದಲ್ಲ, ಅವನು ಅಂಚಿನಲ್ಲೇ ನಡೆಯುತ್ತಿದ್ದ — ನನಗೆ ಕಂಡದ್ದು ಒಮ್ಮೆಲೇ. ಬ್ರೇಕ್ ಹಾಕುವಾಗ ಹೊರೆ ಬಾನೆಟ್ಟಿಗೆ ತಾಗಿ ಬಿತ್ತು. ನಾನು ತಲೆ ಹೊರಗೆ ಹಾಕಿ ಅವನನ್ನೇ ಬೈದೆ. "ನಡುರೋಡಲ್ಲಿ ಎಂತ ನಡೆಯುದು ಮಾರಾಯ?" ಅವನು ಹುಲ್ಲು ಒಟ್ಟು ಮಾಡುತ್ತಾ, "ನಿಮ್ಮ ಗಾಡಿಗೆ ಲೈಟೇ ಇಲ್ವಲ್ಲ ಧಣಿ" ಎಂದ.

ಇವತ್ತು ಮುಗಿಯಿತು ಅಂದುಕೊಂಡೆ. ಮುಗಿದರೆ ಒಳ್ಳೆಯದು ಎಂದೂ ಅನ್ನಿಸಿತು. ನೀನು ಇಳಿದು ಅವನ ಹೊರೆಗೆ ಕೈ ಕೊಟ್ಟು, ಪುನಃ ಬಂದು ಕೂತು ಹೇಳಿದೆ: "ಪಾಪ, ಹೆದರಿ ಏನೇನೋ ಹೇಳ್ತಾನೆ. ನೀವಿದ್ದದ್ದಕ್ಕೆ ಬ್ರೇಕ್ ಬಿತ್ತು. ನಾನಾಗಿದ್ರೆ ಒಂದು ಜೀವ ಹೋಗ್ತಿತ್ತು."

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಹೊಗಳಿದೆ. ನೆಂಟರ ಎದುರೂ ಅದೇ — ಇವರು ಇಲ್ಲದಿದ್ದರೆ ನನ್ನ ಗತಿ ಏನು ಎಂದು. ಆ ಮಾತು ಕೇಳಿದಾಗಲೆಲ್ಲ ನನಗೆ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತದೆ. ಹೋಗುವುದೆಲ್ಲಿಗೆ?

ವರ್ಷಗಳು ಹೋದವು. ಹೋದ ತಿಂಗಳು ಸುಮತಿ ಟೀಚರ್ ಅಂಗಡಿಗೆ ಬಂದಿದ್ದರು. ಕಾಲು ನೋವು ಅವರಿಗೆ, ಮೆಟ್ಟಿಲು ಹತ್ತುವಾಗಲೇ ಏದುಸಿರು. ನಲ್ಲಿಯ ಸಾಮಾನು ಕೇಳುವ ನೆವ. "ನನ್ನಿಂದ ಇನ್ನೆಷ್ಟು ಸಮಯ ಆಗ್ತದೋ ಗೊತ್ತಿಲ್ಲ. ವಾರಿಜಾಳಿಗೆ ತಂಡ ಒಪ್ಪಿಸಿ ಬಿಡುವ ಅಂತ ಇದ್ದೆ. ಅವಳಿಗೆ ಹೀಗಾಯ್ತಲ್ಲ" ಎಂದು ಕಣ್ಣೊರೆಸಿಕೊಂಡರು. ನಾನು ನಲ್ಲಿ ಕಟ್ಟಿಕೊಟ್ಟೆ. ಅವರು ಹೋದ ಮೇಲೆ ಗಿರಾಕಿ ನಿಂತಿದ್ದರೂ ಶಟರ್ ಎಳೆದು ಮನೆಗೆ ಬಂದೆ.

ಆ ವಾರವೇ ಲೈಟನ್ನು ಕ್ರಮದಲ್ಲಿ ಉಜ್ಜಿ, ಕೋಟ್ ಹೊಡೆದು, ಪೂರ್ತಿ ಒಣಗಲು ಬಿಟ್ಟೆ. ಸಂಜೆ ಕೀ ನಿನ್ನ ಕೈಗೆ ಕೊಟ್ಟು, "ಇಲ್ಲೇ ಆಲಂಕಾರಿನವರೆಗೆ ನೀನು ಬಿಡು, ನಾನು ಪಕ್ಕದಲ್ಲಿ ಇರ್ತೇನೆ" ಎಂದೆ. ದಾರಿಯಲ್ಲಿ ಎಲ್ಲ ಹೇಳಿಬಿಡುವ ಎಂದೇ ಹೊರಟದ್ದು. ನೀನು ಬೇಡ ಬೇಡ ಎಂದೆ, ಆಮೇಲೆ ಕೂತೆ. ಮೊದಲ ತಿರುವು ದಾಟುವಾಗ ನಿನ್ನ ಉಸಿರು ನನಗೆ ಕೇಳಿಸುತ್ತಿತ್ತು. ಎರಡನೆಯ ತಿರುವಿನಾಚೆ ನೀನು ಗಾಡಿಯನ್ನು ಬದಿಗೆ ನಿಲ್ಲಿಸಿ ಅಳತೊಡಗಿದೆ.

"ಕಾಣ್ತಾ ಉಂಟು ಮಾರಾಯ್ರೆ. ಚರಂಡಿಯ ಹುಲ್ಲು ಸಹ ಕಾಣ್ತಾ ಉಂಟು. ನನ್ನ ಕಣ್ಣು ಸರಿ ಆಯ್ತು."

ಬೆಳಕಿಗೂ ಆ ಹಳದಿಗೂ ಸಂಬಂಧ ಇಲ್ಲವೆಂದು ನಾನೇ ಹೇಳಿದ್ದೆನಲ್ಲ. ಹಾಗಾಗಿ ನಿನಗೆ ಲೈಟಿನ ನೆನಪೇ ಬರಲಿಲ್ಲ. ಅಳುತ್ತಲೇ ನೀನು ಹೇಳಿದೆ — ತವರಿನ ದೇವಸ್ಥಾನಕ್ಕೆ ಹರಕೆ ಹೊತ್ತಿದ್ದೆನೆಂದು, ಕಣ್ಣು ಸರಿಯಾದರೆ ಬೆಳ್ಳಿಯ ಕಣ್ಣು ಒಪ್ಪಿಸುತ್ತೇನೆಂದು. ನನಗೆ ತಿಳಿದಿರಲೇ ಇಲ್ಲ. "ಒಟ್ಟಿಗೆ ತಪ್ಪು ಕಾಣಿಕೆಯೂ ಹಾಕ್ಬೇಕು" ಎಂದೂ ನೀನೇ ಹೇಳಿದೆ. ಯಾತರ ತಪ್ಪು ಎಂದು ನಾನು ಕೇಳಿದೆ. "ನಿಮ್ಮನ್ನು ಒಬ್ರನ್ನೇ ಊಟಕ್ಕೆ ಕೂರಿಸಿ ತಿರುಗಿದೆನಲ್ಲ. ಅದಕ್ಕೇ ಹೀಗಾದದ್ದು ಅಂತ ನಂಗೆ ಯಾವಾಗ್ಲೂ ಅನಿಸ್ತಿತ್ತು."

ಆಗ ಹೇಳಬೇಕಿತ್ತು. ನೀನು ಅಷ್ಟು ಸಂತೋಷದಲ್ಲಿದ್ದೆ — ಇಲ್ಲ, ಅದೂ ನೆವ. ನಾನು ಹೆದರಿದೆ.

ಬೆಳ್ಳಿಯ ಕಣ್ಣು ಮಾಡಿಸಿ ತಂದಾಗಿದೆ. ದೇವರ ಎದುರು ವೀಳ್ಯದೆಲೆಯ ಮೇಲಿಟ್ಟು ಕುಂಕುಮ ಹಚ್ಚಿದ್ದೀ. ನಾಳೆ ಕೊಲ್ಲಮೊಗ್ರಿಗೆ ನೀನೇ ಗಾಡಿ ಬಿಡುವುದೆಂದೂ ಹೇಳಿದ್ದೀ. ಅಲ್ಲಿ ನಿನ್ನ ಪಕ್ಕದಲ್ಲಿ ಕೈಮುಗಿದು ನಿಂತು, ಇಲ್ಲದ ರೋಗ ವಾಸಿಯಾದದ್ದಕ್ಕೆ ತೀರ್ಥ ತೆಗೆದುಕೊಳ್ಳಲು ನನ್ನಿಂದ ಆಗದು. ಇಷ್ಟೆಲ್ಲ ಮಾಡಿದವನಿಗೆ ಇದೊಂದು ಆಗದೇ ಎಂದರೆ — ಆಗುವುದಿಲ್ಲ, ವಾರಿಜಾ.

ಬೆಳಿಗ್ಗೆ ಹೊರಡುವ ಮೊದಲು ಇದನ್ನು ನಿನ್ನೆದುರು ಕೂತು ನಾನೇ ಓದುತ್ತೇನೆ, ನಿನ್ನ ಕೈಗೆ ಕೊಟ್ಟು ಅಂಗಡಿಗೆ ಓಡುವುದಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಆ ಸ್ವಭಾವವನ್ನೇ ನಾನು ಇಷ್ಟು ವರ್ಷ ಉಪಯೋಗಿಸಿದ್ದು. ಟೀಚರಿಗೂ ನಾನೇ ಹೋಗಿ ಹೇಳುತ್ತೇನೆ. ನೀನು ನನ್ನನ್ನು ಕರೆದುಕೊಂಡು ಹೋಗುತ್ತೀಯೋ, ಬಿಟ್ಟು ಹೋಗುತ್ತೀಯೋ, ದೇವರಿಗೆ ಆ ಕಣ್ಣು ಒಪ್ಪಿಸುತ್ತೀಯೋ ಇಲ್ಲವೋ, ಎಲ್ಲ ನಿನಗೆ ಬಿಟ್ಟದ್ದು. ಹೋದರೆ ಒಂದು ಮಾತ್ರ ಮಾಡಬೇಡ. ತಪ್ಪು ಕಾಣಿಕೆ ನೀನು ಹಾಕಬೇಡ. ಅದು ನನ್ನದು.